ಬಟ್ಟೆ ಗೋಡೆಗೆ ಬೀಗ

ಬೀಗದ ಮಾಮ ಅಂಗಡಿ ಮುಚ್ಚುವುದೆಂದರೆ ಬೀದಿಯವರಿಗೆ ಬಿಟ್ಟಿ ಮನರಂಜನೆ. ಶಟರ್ ಎಳೆಯುತ್ತಾನೆ, ಬೀಗ ಹಾಕುತ್ತಾನೆ, ಜಗ್ಗಿ ನೋಡುತ್ತಾನೆ. ಸ್ಕೂಟರಿನ ತನಕ ಹೋದವನು ತಿರುಗಿ ಬಂದು ಇನ್ನೊಮ್ಮೆ ಜಗ್ಗುತ್ತಾನೆ. ಎದುರಿನ ಟೀ ಅಂಗಡಿಯಲ್ಲಿ ಕೂತ ಯಾವನಾದರೂ ತುಂಟ "ಮಾಮಾ, ಸ್ವಲ್ಪ ಅಲ್ಲಾಡ್ತು ನೋಡಿ" ಎಂದರೆ ಸಾಕು, ಮತ್ತೆ ಬರುತ್ತಾನೆ. ಬಂದು ಬೀಗವನ್ನಲ್ಲ, ಹಾಗೆಂದವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. ನನ್ನ ಬೀಗದ ಮೇಲೆ ಇವನಿಗೇಕೆ ಕಣ್ಣು? ಆಮೇಲೆ ಒಂದು ವಾರ ಆ ಹುಡುಗನ ಬೈಕು ಯಾವ ಹೊತ್ತಿಗೆ ಎಲ್ಲಿ ನಿಲ್ಲುತ್ತದೆ ಎನ್ನುವುದೆಲ್ಲ ಮಾಮನಿಗೆ ಬಾಯಿಪಾಠ.

ಕಸುಬೇ ಅಂಥದ್ದು ಎಂದು ಅವನ ಪರವಾಗಿ ಹೇಳಬಹುದು. ಮೆಟ್ಟಿಲ ಕೆಳಗಿನ ಆ ಇಕ್ಕಟ್ಟು ಅಂಗಡಿಗೆ ದಿನವಿಡೀ ಬರುವವರು ಕೀ ಕಳೆದುಕೊಂಡವರು, ಕೀ ಮುರಿದುಕೊಂಡವರು, "ನಮ್ಮನೇದೇ ಸ್ವಾಮಿ, ಆಣೆ ಮಾಡಿ ಹೇಳ್ತೀನಿ" ಎನ್ನುತ್ತ ಇನ್ಯಾರದೋ ಬೀಗ ತೆಗೆಸಲು ಬಂದವರು. ಯಾರ ಮಾತನ್ನೂ ಸುಲಭಕ್ಕೆ ನಂಬದಿರುವುದು ಅಲ್ಲಿ ಒಳ್ಳೆಯ ಗುಣವೇ. ಆದರೆ ಮಾಮ ಆ ಗುಣವನ್ನು ಸಂಜೆ ಅರ, ಇಕ್ಕಳಗಳ ಜೊತೆ ಅಂಗಡಿಯಲ್ಲಿ ಬಿಟ್ಟು ಬರುತ್ತಿರಲಿಲ್ಲ. ಊಟದ ಡಬ್ಬಿಯ ಜೊತೆ ಮನೆಗೆ ಹೊತ್ತುಕೊಂಡು ಬರುತ್ತಿದ್ದ.

ಮನೆಯಲ್ಲಿ ಬೀಗವಿದ್ದ ಪ್ರತಿಯೊಂದಕ್ಕೂ ಅವನ ಹತ್ತಿರ ಒಂದು ಡೂಪ್ಲಿಕೇಟ್ ಇತ್ತು. ಬೀರುವಿಗೆ, ಮಗಳ ಕೋಣೆಗೆ, ಹೆಂಡತಿ ತವರಿನಿಂದ ತಂದ ಟ್ರಂಕಿಗೆ. ಯಾಕೆಂದು ಕೇಳಿದರೆ "ಕಳ್ಕೊಂಡ್ರೆ ಯಾರ ಹತ್ರ ಓಡಿ ಬರ್ತೀರಾ? ನನ್ನ ಹತ್ರಾನೇ ತಾನೇ?" ಎನ್ನುತ್ತಿದ್ದ. ಮುಚ್ಚಿದ ಬಾಗಿಲು ಕಂಡರೆ ಅವನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ತಟ್ಟಿ, ಒಳಗಿನವರು "ಯಾರು?" ಎನ್ನುವ ತನಕ ಕಾಯುವುದು ಆ ಮನುಷ್ಯನ ಜಾಯಮಾನದಲ್ಲೇ ಇರಲಿಲ್ಲ. ಮಗಳು ಚಿಕ್ಕವಳಿದ್ದಾಗ ಏನೋ ಬೇಸರಕ್ಕೆ ಬಾಗಿಲು ಹಾಕಿಕೊಂಡು ಅಳುತ್ತ ಕೂತರೆ, ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಪ್ಪ ಎದುರಿಗೆ ನಿಂತಿರುತ್ತಿದ್ದ. ಈಗ ಅವಳಿಗೆ ಮದುವೆಯಾಗಿ ಪಕ್ಕದ ಬಡಾವಣೆಯಲ್ಲಿದ್ದಾಳೆ. ಅಪ್ಪನ ಸ್ಕೂಟರಿನ ಸದ್ದು ಕೇಳಿದೊಡನೆ ಓಡಿ ಬಂದು ಬಾಗಿಲು ತೆರೆದು ನಿಲ್ಲುತ್ತಾಳೆ. ಮಾಮ ಅದನ್ನು ಪ್ರೀತಿ ಎಂದೇ ತಿಳಿದುಕೊಂಡಿದ್ದ.

ಹೆಂಡತಿ ಟಾರ್ಪಾಲಿನ್ ಹೊಲಿಯುವವಳು. ಲಾರಿಗಳ ಹೊದಿಕೆ, ಅಂಗಡಿಗಳ ಮುಂದಿನ ನೆರಳುಪರದೆ, ಶಾಲಾ ಮಕ್ಕಳ ಪ್ರವಾಸದ ಡೇರೆ, ಎಲ್ಲ ಅವಳ ಕೈಯಲ್ಲೇ ಆಗಬೇಕು. ಮನೆಯ ಮುಂದಿನ ಕೋಣೆ ತುಂಬ ದಪ್ಪ ಬಟ್ಟೆಯ ಸುರುಳಿಗಳು, ನಡುವೆ ಅವಳ ದೊಡ್ಡ ಹೊಲಿಗೆ ಯಂತ್ರ. ಹೊಲಿದದ್ದನ್ನು ತಾನೇ ಪಿಕಪ್ ಗಾಡಿಗೆ ಹೇರಿ, ತಾನೇ ಓಡಿಸಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಹಿಂದಕ್ಕೆ ತೆಗೆಯುವಾಗ ಮಾಮ ಗಾಡಿಯನ್ನು ಗೋಡೆಗೆ ಉಜ್ಜುತ್ತಿದ್ದ, ಅವಳು ಉಜ್ಜುತ್ತಿರಲಿಲ್ಲ. ಹಾಗಾಗಿ ಪಿಕಪ್ ಅವಳದು, ಸ್ಕೂಟರ್ ಅವನದು ಎಂದು ಎಂದೋ ತೀರ್ಮಾನವಾಗಿತ್ತು.

ಒಂದು ದಿನ ಊಟಕ್ಕೆ ಕೂತಾಗ ಅವಳು ಇದ್ದಕ್ಕಿದ್ದಂತೆ ಹೇಳಿದಳು.

"ಪಿಕಪ್ ಹಿಂದೆ ಒಂದು ಗೂಡು ಕೂರಿಸೋಣ ರೀ. ಚಾವಣಿ ಮೇಲೇಳುತ್ತಲ್ಲ, ಅಂಥದ್ದು. ಓಡಿಸುವಾಗ ಇಳಿಸಿಕೊಂಡ್ರೆ ಗಾಳಿಗೆ ಸಿಗಲ್ಲ, ನಿಲ್ಲಿಸಿದ ಮೇಲೆ ಎತ್ತಿದ್ರೆ ಒಳಗೆ ನೆಟ್ಟಗೆ ನಿಂತ್ಕೋಬಹುದು. ಮಲಗೋಕೆ ಜಾಗ, ಒಂದು ಒಲೆ. ಅಷ್ಟು ಸಾಕು."

"ಯಾತಕ್ಕೆ?"

"ಹೋಗಿ ಬರೋಕೆ."

"ಎಲ್ಲಿಗೆ?"

"ಎಲ್ಲಿಗಾದ್ರೂ."

ಅಂಗಡಿ, ಮಾರುಕಟ್ಟೆ, ಮಗಳ ಮನೆ ಎಂದು ಜಾಗದ ಹೆಸರು ಹೇಳಿ ಹೊರಡುವ ಹೆಂಡತಿಯನ್ನು ಮಾಮ ನೋಡಿದ್ದ. ಎಲ್ಲಿಗಾದರೂ ಹೊರಡುವ ಹೆಂಡತಿ ಅವನಿಗೆ ಹೊಸಬಳು. ಬೇಡವೆಂದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ವಾದ ಬೆಳೆಯುತ್ತದೆ. ಜೊತೆಗಿದ್ದು ನೋಡುವುದೇ ವಾಸಿ ಎಂದುಕೊಂಡು "ನೋಡೋಣ" ಎಂದ.

ನೋಡಲು ಹೋದದ್ದು ಊರ ಹೊರಗಿನ ಒಂದು ಅಂಗಳಕ್ಕೆ. ಅಲ್ಲಿ ಇಂಥ ಗೂಡುಗಳನ್ನು ಕಟ್ಟಿ ಸಾಲಾಗಿ ಇಟ್ಟಿದ್ದರು. ಮಾರುವವನು ಗರಿಗರಿ ಅಂಗಿಯವನು, ಬಾಯಿ ತೆರೆದರೆ ನಗು. ನಗುವವರನ್ನು ಕಂಡರೆ ಮಾಮನಿಗೆ ಮೊದಲೇ ಆಗದು. ಮೊದಲನೆಯ ಗೂಡಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದ. ಯಾರ ಮನೆಯ ಬಾಗಿಲನ್ನೂ ತಟ್ಟದ ಆ ಕೈ ಹಲಗೆಗಳನ್ನು ಮಾತ್ರ ಒಂದನ್ನೂ ಬಿಡದೆ ತಟ್ಟಿತು. ಮೂಲೆಯಲ್ಲಿ ಸದ್ದು ಮೆತ್ತಗಾಯಿತು. ಚಾಪೆ ಎತ್ತಿದರೆ ಅಡಿಯ ಹಲಗೆ ನೀರು ಕುಡಿದು ಉಬ್ಬಿತ್ತು. ಎರಡನೆಯದರ ಮುಂದೆ ಮಾರುವವನು "ಇದರ ಬೀಗ ನೋಡಿ ಸಾರ್, ಆನೆ ಬಂದ್ರೂ ತೆಗೆಯೋಕಾಗಲ್ಲ" ಎನ್ನುತ್ತಿದ್ದ. ಆ ಮಾತು ಮುಗಿಯುವ ಮೊದಲೇ ಮಾಮ ಹೆಂಡತಿಯ ತಲೆಯ ಪಿನ್ನು ಇಸಿದುಕೊಂಡು ಬಾಗಿಲು ತೆರೆದು ಒಳಗೆ ನಿಂತಿದ್ದ. ಗರಿಗರಿ ಅಂಗಿಯವನ ನಗು ಅಲ್ಲಿಗೆ ಮಾಯವಾಯಿತು.

ಮೂರನೆಯದರಲ್ಲಿ ಏನೂ ತಪ್ಪು ಸಿಗಲಿಲ್ಲ. ಚಾವಣಿ ಒಂದೇ ನೂಕಿಗೆ ಮೇಲೆದ್ದಿತು, ನೆಲ ಗಟ್ಟಿಯಾಗಿತ್ತು, ಕಿಟಕಿ ಎಲ್ಲೂ ಸಿಕ್ಕಿಕೊಳ್ಳದೆ ಸರಿಯಿತು. ಮಾಮನಿಗೆ ಅತಿ ಹೆಚ್ಚು ಅನುಮಾನ ಬಂದದ್ದು ಅದರ ಮೇಲೆಯೇ. ಇಷ್ಟು ಚೆನ್ನಾಗಿರುವುದನ್ನು ಯಾರಾದರೂ ಮಾರುತ್ತಾರೆಯೇ? ಏನನ್ನೋ ಮುಚ್ಚಿಟ್ಟಿದ್ದಾರೆ. ಅವನು ಎತ್ತರದ ಕಾಲುಗಳ ಮೇಲೆ ನಿಂತಿದ್ದ ಆ ಗೂಡಿನ ಕೆಳಗೆ ತೂರಿ, ಬೆನ್ನಿನ ಮೇಲೆ ಮಲಗಿ, ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಮಣ್ಣು ಕೊಡವಿಕೊಂಡು ಮೇಲೆದ್ದಾಗ ಹೆಂಡತಿ ಪಕ್ಕದಲ್ಲಿರಲಿಲ್ಲ.

ಅವಳು ಒಳಗಿದ್ದಳು. ಇಬ್ಬರು ಮಲಗುವ ಹಾಸಿಗೆಯ ನಟ್ಟನಡುವೆ, ಕೈಕಾಲು ಚಾಚಿ, ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ಮುಖದಲ್ಲಿ ಒಂದು ಸಣ್ಣ ನಗು. ತನ್ನ ಮನೆಯ ಮಂಚದಲ್ಲಿ ಗೋಡೆಗೆ ಅಂಟಿಕೊಂಡು ಮಲಗುವ ಹೆಂಗಸು ಇಲ್ಲಿ ಇಷ್ಟು ಅಗಲವಾಗಿ ಮಲಗಿದ್ದಳು. ಇವಳು ನನ್ನನ್ನು ಬಿಟ್ಟು ಹೋಗುತ್ತಾಳೆ ಎಂದು ಆ ಕ್ಷಣವೇ ಅವನಿಗೆ ಅನ್ನಿಸಿತು. ಆಮೇಲಿನ ದಿನಗಳಲ್ಲಿ ಮಾಮ ಉಂಡದ್ದು, ಉಟ್ಟದ್ದು, ಯೋಚಿಸಿದ್ದು ಎಲ್ಲ ಆ ಒಂದೇ ಭಯದ ಜೊತೆ.

ವಾಪಸು ಬರುವಾಗ "ಎಲ್ಲಾ ಕಳ್ಳರು" ಎಂದ.

"ಸರಿ, ಹಾಗಿದ್ರೆ ನಾವೇ ಕಟ್ಟೋಣ" ಎಂದಳು ಅವಳು, ಗೇರು ಬದಲಿಸುತ್ತ. ಉತ್ತರವನ್ನು ಮೊದಲೇ ಮಾಡಿಟ್ಟುಕೊಂಡಿದ್ದಳೇನೋ ಎಂಬಂತೆ ಬಂದ ಆ ಮಾತಿನ ಮೇಲೂ ಅವನಿಗೆ ಅನುಮಾನ ಬಂತು.

ಮನೆಯ ಪಕ್ಕದ ಓಣಿಯಲ್ಲಿ ಕೆಲಸ ಶುರುವಾಯಿತು. ವೆಲ್ಡರ್ ಬಂದು ಕಬ್ಬಿಣದ ಚೌಕಟ್ಟು ಬೆಸೆದುಕೊಟ್ಟು ಹೋದ. ಅದಕ್ಕೆ ಪ್ಲೈವುಡ್ ಗೋಡೆ, ಮೇಲೆ ಅಲ್ಯೂಮಿನಿಯಂ ತಗಡಿನ ಚಾವಣಿ. ಚಾವಣಿಯನ್ನು ಎತ್ತಲು ನಾಲ್ಕು ಮೂಲೆಗೂ ಮಡಚುವ ತೋಳುಗಳು. ಅಳತೆ ಎಲ್ಲ ಹೆಂಡತಿಯದು. ಹೊಲಿಯುವವರ ಟೇಪು ಕೊರಳಿಗೆ ಹಾಕಿಕೊಂಡು, ಕಿವಿಗೆ ಸೀಸದ ಕಡ್ಡಿ ಸಿಕ್ಕಿಸಿಕೊಂಡು ಅವಳು ಗಾಡಿಯ ಸುತ್ತ ತಿರುಗುತ್ತಿದ್ದರೆ, ಮಾಮ ಅವಳ ಸುತ್ತ ತಿರುಗುತ್ತಿದ್ದ. ಸಹಾಯಕ್ಕೆ ಎಂದು ಹೇಳಿಕೊಳ್ಳುತ್ತಿದ್ದ, ಕಾವಲಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮೊದಲ ಜಗಳ ಮೇಲಿನ ಗೋಡೆಯ ವಿಷಯದಲ್ಲಿ. ಚಾವಣಿ ಎತ್ತಿದಾಗ ಪೆಟ್ಟಿಗೆಗೂ ಚಾವಣಿಗೂ ನಡುವೆ ಸುತ್ತಲೂ ಎದೆಯೆತ್ತರ ತೆರವಾಗುತ್ತದಲ್ಲ, ಅದನ್ನು ಅವಳು ಕ್ಯಾನ್ವಾಸಿನಿಂದ ಮುಚ್ಚಬೇಕೆಂದಿದ್ದಳು.

"ತಗಡು ಹಾಕೋಣ" ಎಂದ ಮಾಮ.

"ತಗಡು ಮಡಚ್ತೀರಾ? ಬಟ್ಟೆ ಆದ್ರೆ ಚಾವಣಿ ಇಳಿಸಿದಾಗ ತಾನೇ ಒಳಗೆ ಮಡಚ್ಕೊಂಡು ಕೂರುತ್ತೆ."

"ಬಟ್ಟೆಗೆ ಬೀಗ ಎಲ್ಲಿ ಹಾಕ್ತೀಯ?"

"ಬಟ್ಟೆಗೆ ಯಾರಾದ್ರೂ ಬೀಗ ಹಾಕ್ತಾರೇನ್ರೀ?"

"ನಾನೂ ಅದನ್ನೇ ಕೇಳ್ತಿರೋದು! ಒಂದು ಬ್ಲೇಡು ಇದ್ರೆ ಸಾಕು, ಒಳಗೆ ಬರಬಹುದು."

"ಹೊರಗೂ ಹೋಗಬಹುದು" ಎಂದಳು ಅವಳು. ಯಂತ್ರದ ಪೆಡಲು ಒತ್ತಿದಳು. ಆ ಸದ್ದಿನಲ್ಲಿ ಮುಂದಿನ ವಾದ ಮುಳುಗಿಹೋಯಿತು. ಆ ದಪ್ಪ ಬಟ್ಟೆಗೆ ಅವಳು ಕಿಟಕಿ ಬಿಟ್ಟು, ಕಿಟಕಿಗೆ ಜಿಪ್ಪು ಕೂರಿಸಿ, ಜಿಪ್ಪಿನ ಹಿಡಿಯನ್ನು ಒಳಗೂ ಹೊರಗೂ ಸಿಗುವಂತೆ ಇಟ್ಟಳು. ಹೊರಗಿನ ಹಿಡಿ ಯಾಕೆ ಎಂದು ಮಾಮ ತಲೆ ಕೆಡಿಸಿಕೊಂಡ. ಕೇಳಲಿಲ್ಲ.

ಎರಡನೆಯದು ಜಗಳ ಆಗಲಿಲ್ಲ, ಅದಕ್ಕಿಂತ ಕೆಟ್ಟದ್ದಾಯಿತು. ಅವಳು ಲಾರಿ ಹೊದಿಕೆ ಕೊಟ್ಟು ಬರಲು ನೆರೆಯವರ ಗಾಡಿಯಲ್ಲಿ ಹೋಗಿದ್ದಾಗ ಮಾಮ ಗೂಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡು ಕೂತ. ಮಲಗುವ ಹಲಗೆಗಳನ್ನು ಆಗಷ್ಟೇ ಕೂರಿಸಿದ್ದಳು. ಒಂದು ಮುಂದೆ, ಚಾಲಕನ ತಲೆಯ ಮೇಲಕ್ಕೆ ಚಾಚಿದ ಭಾಗದಲ್ಲಿ. ಇನ್ನೊಂದು ಕೆಳಗೆ, ಬಾಗಿಲ ಪಕ್ಕ. ಎರಡೂ ಒಬ್ಬೊಬ್ಬರಿಗೆ ಆಗುವಷ್ಟು ಅಗಲ. ಸರಿ, ಮೇಲೊಬ್ಬರು, ಕೆಳಗೊಬ್ಬರು. ಅಲ್ಲಿಗೆ ಸಮಾಧಾನ ಪಟ್ಟುಕೊಂಡು ಎದ್ದು ಬರಬಹುದಿತ್ತು. ಆದರೆ ಅನುಮಾನದ ಮನುಷ್ಯ ಸಮಾಧಾನವನ್ನೂ ತಿರುಗಿಸಿ ಮುರುಗಿಸಿ ನೋಡದೆ ಬಿಡುವುದಿಲ್ಲ. ಕೆಳಗಿನ ಹಲಗೆಯ ಮೇಲೆ ಮಲಗಿ ನೋಡಿದ. ಪಾದಗಳು ಹಲಗೆ ದಾಟಿ ಗಾಳಿಯಲ್ಲಿ ನಿಂತವು. ಹಲಗೆಯ ಪಕ್ಕ ಗೋಡೆಗೆ ಒಂದು ಹಿಡಿಕೆ ಇತ್ತು, ಕೂತವರು ಹಿಡಿದುಕೊಂಡು ಏಳಲು. ಬಾಗಿಲಿಗೆ ಒಂದು ಮೆಟ್ಟಿಲು ಸಾಕಾಗಿದ್ದ ಕಡೆ ಎರಡು ಗಿಡ್ಡ ಮೆಟ್ಟಿಲು ಇದ್ದವು.

ತನಗೆ ಮೊಣಕಾಲು ನೋವಿಲ್ಲ. ಹೆಂಡತಿಗೂ ಇಲ್ಲ. ಮೊಣಕಾಲು ನೋವಿರುವುದು, ಗಿಡ್ಡಗಿರುವುದು, ಗಂಡ ತೀರಿಕೊಂಡ ಮೇಲೆ "ಎಲ್ಲಾದ್ರೂ ಹೋಗೋಣ ಕಣೇ" ಎಂದು ತಂಗಿಯ ಬೆನ್ನು ಹತ್ತಿರುವುದು ಒಬ್ಬರೇ. ಹೆಂಡತಿಯ ಅಕ್ಕ. ಕೀಯನ್ನು ಬೀಗದೊಳಗೆ ಹಾಕಿದಾಗ ಒಳಗಿನ ಪಿನ್ನುಗಳು ಒಂದೊಂದಾಗಿ ಜಾಗಕ್ಕೆ ಬೀಳುವ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಈಗ ತಲೆಯೊಳಗೆ ಅದೇ ಸದ್ದು ಕೇಳಿಸಿತು. ಜೀವಮಾನವಿಡೀ ಪಟ್ಟ ಅನುಮಾನಗಳಲ್ಲಿ ನಿಜವಾದವು ಬೆರಳೆಣಿಕೆಯಷ್ಟು. ಇದೊಂದು ನಿಜವಾಗದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಅವಳು ಬಂದಾಗ ಅವನು ಇನ್ನೂ ಆ ಹಲಗೆಯ ಮೇಲೆಯೇ ಕೂತಿದ್ದ.

"ಇದು ನಿಮ್ಮಕ್ಕನಿಗೆ ತಾನೇ?"

ಸುಳ್ಳು ಹೇಳುತ್ತಾಳೆ, ಹಿಡಿದುಹಾಕೋಣ ಎಂದು ಮಾಮ ಮೈಯೆಲ್ಲ ಕಣ್ಣಾಗಿ ಕಾದ. ಅವಳು ಸುಳ್ಳು ಹೇಳಲಿಲ್ಲ.

"ಹೌದು."

"ಮತ್ತೆ ನನಗೆ?"

"ನಿಮಗೆ ಇಲ್ಲ."

"ಕೇಳಿದ್ಯಾ ನನ್ನ? ಒಂದು ಮಾತು? ಕಳ್ಳರ ಥರ ಒಳಗೊಳಗೇ—"

"ಕಳ್ಳರ ವಿಷಯ ಬೇಡ ರೀ" ಎಂದಳು. ಧ್ವನಿ ಏರಲಿಲ್ಲ. "ಆ ಕೆಂಪು ಬಟ್ಟೆ ನೆನಪಿದ್ಯಾ?"

ಅವನಿಗೆ ತಕ್ಷಣ ನೆನಪಾಗಲಿಲ್ಲ. ಅವಳೇ ನೆನಪು ಮಾಡಿಕೊಟ್ಟಳು. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಹೆಂಡತಿ ಇಷ್ಟಪಟ್ಟು ಒಂದು ಕೆಂಪು ಬಟ್ಟೆ ತಂದು, ತನಗೇ ಎಂದು ಬಿಡುವಾದಾಗ ಸ್ವಲ್ಪ ಸ್ವಲ್ಪ ಹೊಲಿದು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಒಂದು ದಿನ ಮಾಮ ತನ್ನ ಡೂಪ್ಲಿಕೇಟಿನಿಂದ ಟ್ರಂಕು ತೆಗೆದ, ಅರ್ಧ ಹೊಲಿದ ಆ ಬಟ್ಟೆಯನ್ನು ಎಲ್ಲರೆದುರು ಹಿಡಿದು ಕೇಳಿದ: ಇದನ್ನು ಹಾಕಿಕೊಂಡು ಯಾರಿಗೆ ತೋರಿಸಬೇಕು?

"ಅವತ್ತಿಂದ ಆ ಟ್ರಂಕಿಗೆ ಬೀಗ ಹಾಕಿಲ್ಲ ನಾನು. ಅದರಲ್ಲಿ ಏನೂ ಇಟ್ಟೂ ಇಲ್ಲ. ನೀವು ಬಂದ್ರೆ ಇದೂ ಒಂದು ಮನೆ ಆಗಿಹೋಗುತ್ತೆ. ಬೀಗ ಬರುತ್ತೆ, ಬೀಗಕ್ಕೆ ಡೂಪ್ಲಿಕೇಟ್ ಬರುತ್ತೆ. ನನಗೆ ಇನ್ನೊಂದು ಮನೆ ಬೇಡ ರೀ. ಇರೋದೇ ಸಾಕಾಗಿದೆ."

ಬೀಗವಿಲ್ಲದ ಆ ಟ್ರಂಕನ್ನು ಮಾಮ ಇಷ್ಟು ವರ್ಷ ಹೆಮ್ಮೆಯಿಂದ ನೋಡಿದ್ದ. ನನ್ನ ಹೆಂಡತಿಗೆ ನನ್ನ ಹತ್ತಿರ ಮುಚ್ಚಿಡುವುದು ಏನೂ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು. ಮೊದಲು ಅವನಿಗೆ ಸಿಟ್ಟೇ ಬಂತು. ಅಷ್ಟು ಹಳೆಯದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ ಎಂದು ಮುಖ ಗಂಟಿಕ್ಕಿಕೊಂಡು ಅಂಗಡಿಗೆ ಹೋದ. ಗಿರಾಕಿಗಳ ಮೇಲೆ ಹರಿಹಾಯ್ದ. ನಾಚಿಕೆ ಬಂದದ್ದು ಎರಡು ದಿನ ತಡವಾಗಿ, ಅದೂ ಮಗಳ ಮನೆಗೆ ಹೋದಾಗ. ಅವಳು ಎಂದಿನಂತೆ ಓಡಿ ಬಂದು ಬಾಗಿಲು ತೆರೆದಳು. ಕೈಗೆ ಹತ್ತಿದ ಹಿಟ್ಟನ್ನೂ ತೊಳೆದಿರಲಿಲ್ಲ, ಏದುಸಿರು ಬೇರೆ. "ಯಾಕಮ್ಮಾ ಹೀಗೆ ಓಡಿ ಬರ್ತೀಯ? ನಾನೇನು ಓಡಿಹೋಗ್ತೀನಾ?" ಎಂದು ಕೇಳಿದ. ಮಗಳು ಅವನ ಜೇಬಿನ ಕಡೆ ಒಮ್ಮೆ ನೋಡಿ ನಕ್ಕಳು. ಆ ನಗುವನ್ನು ನೋಡಿ ಮಾಮನಿಗೆ ಅಳು ಬಂದಂತಾಯಿತು.

ಆಮೇಲೆ ಅವನು ಗೂಡಿನ ಸುತ್ತ ತಿರುಗುವುದನ್ನು ಬಿಟ್ಟ. ಹಲಗೆ ಹಿಡಿದುಕೊಳ್ಳಿ ಎಂದರೆ ಹಿಡಿದುಕೊಂಡ, ಬಿಡಿ ಎಂದರೆ ಬಿಟ್ಟ. ಇದನ್ನು ಕಂಡು ಈಗ ಅನುಮಾನಪಡುವ ಸರದಿ ಹೆಂಡತಿಯದಾಯಿತು. ಗಂಡ ಇಷ್ಟು ಮೆತ್ತಗಾದದ್ದನ್ನು ಅವಳು ಕಂಡಿರಲಿಲ್ಲ, ಆದ್ದರಿಂದ ನಂಬಲೂ ಇಲ್ಲ. ಕೊನೆಯ ಕೆಲಸಕ್ಕೆ ಮಾತ್ರ ಅವನನ್ನೇ ಕರೆದಳು.

"ಬಾಗಿಲಿಗೆ ಬೀಗ ನೀವೇ ಕೂರಿಸಿಕೊಡಿ. ನಿಮ್ಮಷ್ಟು ಚೆನ್ನಾಗಿ ಇನ್ಯಾರೂ ಕೂರಿಸಲ್ಲ. ಆದ್ರೆ ಕೀ ಎಷ್ಟಿದ್ರೂ ನನ್ನ ಕೈಗೆ ಬರಬೇಕು."

ಮಾಮ ಬೀಗ ಕೂರಿಸಿದ. ಎಳೆದರೆ ತಾನೇ ಬೀಗ ಬೀಳುವಂಥದ್ದು. "ತಾನೇ ಬೀಳೋದು ಬೇಡ ರೀ, ಮರೆತು ಎಳೆದ್ರೆ ಕಷ್ಟ" ಎಂದಳು. "ಬೀಗ ಹಾಕೋದನ್ನ ನಿಮ್ಮಕ್ಕ ಮರೀತಾರೆ, ಬೀಗ ಮರೆಯಲ್ಲ" ಎಂದು ಅವನು ತನ್ನ ಹಟವನ್ನೇ ಸಾಧಿಸಿದ. ಬೀಗದ ಕೆಲಸ ಮಾಡುವವನಿಗೆ ಮುಚ್ಚಿಕೊಳ್ಳದ ಬಾಗಿಲು ಊಹೆಗೂ ನಿಲುಕುವುದಿಲ್ಲ, ಏನು ಮಾಡುವುದು. ಕೀಗಳನ್ನು ಅಂಗಡಿಯಲ್ಲಿ ತಾನೇ ಕೊರೆದ. ಒಂದು ಅವಳಿಗೆ. ಇನ್ನೊಂದು ಅಕ್ಕನಿಗೆ. ಮೂರನೆಯದನ್ನು ಕೈ ತಾನೇ ಕೊರೆದುಬಿಟ್ಟಿತು. ಅರದಿಂದ ಅದರ ಅಂಚು ನಯ ಮಾಡುವಾಗ ಮಾಮನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿತ್ತು. ಗೊತ್ತಿದ್ದೂ ಅದನ್ನು ಕನ್ನಡಕದ ಡಬ್ಬಿಯ ಮಖಮಲ್ಲಿನ ಅಡಿಗೆ ಸೇರಿಸಿದ. ಏನಾದರೂ ಆದರೆ ಇರಲಿ ಎಂದುಕೊಂಡ. ಏನಾಗಬಹುದು ಎಂದು ಮಾತ್ರ ತನ್ನನ್ನೇ ಕೇಳಿಕೊಳ್ಳಲಿಲ್ಲ.

ಹೊರಡುವ ಬೆಳಿಗ್ಗೆ ಅಕ್ಕ ಒಂದು ಚೀಲ, ಒಂದು ಊರುಗೋಲು ಹಿಡಿದು ಬಂದಿದ್ದರು. ಮಾಮನಿಗಿಂತ ಹಿರಿಯರು, ಬಾಯಿ ಜೋರು. ಎರಡು ಗಿಡ್ಡ ಮೆಟ್ಟಿಲು ಹತ್ತಿ ಇಳಿದು, ಇನ್ನೊಮ್ಮೆ ಹತ್ತಿ "ನೋಡಪ್ಪಾ, ನೋವೇ ಇಲ್ಲ!" ಎಂದು ಮಗುವಿನಂತೆ ಸಂಭ್ರಮಪಟ್ಟರು. ಮಾಮ ಕೀ ಕೊಟ್ಟ. ಹೆಂಡತಿ ಅಂಗೈ ಹಿಂದಕ್ಕೆ ತೆಗೆಯಲಿಲ್ಲ.

"ಎರಡನೇದು?"

"ಅತ್ತಿಗೆಗೆ ಅಂತ..." ಎನ್ನುತ್ತ ಅದನ್ನೂ ಕೊಟ್ಟ.

ಅವಳು ಅವನ ಮುಖವನ್ನೇ ನೋಡಿದಳು. ಏನೋ ಕೇಳಲು ಹೋದವಳು ಕೇಳಲಿಲ್ಲ. ಕೇಳಿ ಏನು ಪ್ರಯೋಜನ ಎಂಬಂತೆ ತಲೆ ಕೊಡವಿ ಗಾಡಿ ಹತ್ತಿದಳು. ಬೈದಿದ್ದರೆ ಮಾಮ ಸಹಿಸಿಕೊಳ್ಳುತ್ತಿದ್ದ. ಅವಳು ಕೇಳುವುದನ್ನೂ ಬಿಟ್ಟುಬಿಟ್ಟಳಲ್ಲ, ಅದು ಅವನಿಗೆ ಚುಚ್ಚಿತು. ಪಿಕಪ್ ಬೀದಿಯ ತಿರುವಿನ ಹತ್ತಿರ ಹೋಗುವಷ್ಟರಲ್ಲಿ ಅವನು "ನಿಲ್ಲೇ, ನಿಲ್ಲು!" ಎಂದು ಚಪ್ಪಲಿ ಸದ್ದು ಮಾಡುತ್ತ ಓಡಿದ. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದು ನೋಡಿದರು. ಕನ್ನಡಕದ ಡಬ್ಬಿ ತೆರೆದು, ಮಖಮಲ್ಲು ಕಿತ್ತು, ಮೂರನೆಯ ಕೀಯನ್ನು ಕಿಟಕಿಯೊಳಗೆ ಚಾಚಿದ.

ಅವಳು ಅದನ್ನು ತೆಗೆದುಕೊಂಡಳು. ಮೂರನ್ನೂ ಒಂದೇ ಉಂಗುರಕ್ಕೆ ಹಾಕಿದಳು.

"ನಾಲ್ಕನೇದು?"

"ಇಲ್ಲ ಕಣೇ."

"ಹೂಂ" ಎಂದಳು. ಗಾಡಿ ಹೊರಟಿತು. ಆ 'ಹೂಂ'ನಲ್ಲಿ ನಂಬಿಕೆ ಎಳ್ಳಷ್ಟೂ ಇರಲಿಲ್ಲ. ತನ್ನ ಮಾತನ್ನು ನಂಬದವರ ಮುಂದೆ ನಿಜ ಹೇಳಿ ನಿಲ್ಲುವುದು ಹೇಗಿರುತ್ತದೆಂದು, ದಿನವೂ ಗಿರಾಕಿಗಳನ್ನು ಹಾಗೆ ನಿಲ್ಲಿಸಿದ ಮಾಮನಿಗೆ ಅವತ್ತು ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು.

"ರೀ, ಬಾಗಿಲು ಹಾಕ್ಕೊಂಡ್ಬಿಡ್ತು. ನದಿ ಹತ್ರದ ಬಯಲಲ್ಲಿದ್ದೀವಿ. ಚಾವಣಿ ಎತ್ತಿ, ನೀರು ತರೋಣ ಅಂತ ಇಳಿದ್ವಿ, ಗಾಳಿಗೆ ಧಡ್ ಅಂತ ಹೊಡ್ಕೊಳ್ತು. ಮೂರೂ ಕೀ ಒಳಗೇ ಇದೆ."

"ಹೇಳಿದ್ನಲ್ಲ—" ಎಂದು ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ. ಹೇಳಿದ್ದು ಅವಳು, ತಾನಲ್ಲ.

"ನಾಲ್ಕನೇದು ತಗೊಂಡು ಬನ್ನಿ" ಎಂದಳು. "ಬೈಯಲ್ಲ. ನಿಜವಾಗ್ಲೂ ಬೈಯಲ್ಲ."

"ನಾಲ್ಕನೇದು ಇಲ್ಲ ಅಂದ್ನಲ್ಲೇ."

"ಹೇಗೋ ಬನ್ನಿ" ಎಂದು ಫೋನು ಇಟ್ಟಳು.

ಮಾಮ ಅಂಗಡಿಯೊಳಗೆ ನಿಂತ. ಮೂರು ಸಲ ಕೊರೆದ ಹಲ್ಲುಗಳು ಬೆರಳುಗಳಿಗೆ ಇನ್ನೂ ನೆನಪಿದ್ದವು. ಹಲ್ಲು ಕೊರೆಯದ ಹೊಸ ಕೀ ಒಂದನ್ನು ಮೊಳೆಯಿಂದ ತೆಗೆದು ಇಕ್ಕಳಕ್ಕೆ ಸಿಕ್ಕಿಸಿದ. ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಹೋಗಿ ತಿರುಗಿಸಿದರೆ ಬಾಗಿಲು ತೆರೆಯುತ್ತದೆ, ಅವಳಿಗೆ ಅನುಕೂಲವೂ ಆಗುತ್ತದೆ. ಅರ ಕೈಗೆತ್ತಿಕೊಂಡ. ಆಗ ಅವಳ 'ಹೂಂ' ಕಿವಿಯಲ್ಲಿ ಕೇಳಿಸಿತು. ಈಗಷ್ಟೇ ಕೊರೆದೆ ಎಂದರೆ ಯಾರು ನಂಬುತ್ತಾರೆ? ಕೈಯಲ್ಲಿ ಕೀ ಹಿಡಿದು ಬಂದ ಗಂಡನನ್ನು ಇನ್ನು ಯಾವ ಜನ್ಮದಲ್ಲಿ ಅವಳು ನಂಬುತ್ತಾಳೆ? ಕೀಯನ್ನು ಬಿಡಿಸಿ ಮೊಳೆಗೆ ತೂಗುಹಾಕಿದ. ಬೀಗ ಕೆದಕುವ ಎರಡು ತಂತಿಗಳನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದ. ಶಟರಿನ ಬೀಗವನ್ನು ಅವತ್ತು ಒಂದೇ ಸಲ ಜಗ್ಗಿದ್ದನ್ನು ಟೀ ಅಂಗಡಿಯವರು ಬೆರಗಾಗಿ ನೋಡಿದರು.

ದಾರಿಯುದ್ದಕ್ಕೂ ಧೂಳು ಕುಡಿದು, ಕೇಳಿ ಕೇಳಿ, ನದಿಯ ಬಯಲು ಮುಟ್ಟುವಾಗ ಬಿಸಿಲು ಬಾಗಿತ್ತು. ಮರದ ಕೆಳಗೆ ಪಿಕಪ್ ನಿಂತಿತ್ತು. ಚಾವಣಿ ಮೇಲೆದ್ದಿತ್ತು, ಕ್ಯಾನ್ವಾಸಿನ ಗೋಡೆ ಗಾಳಿಗೆ ಉಬ್ಬುತ್ತಿತ್ತು. ಬಾಗಿಲು ಮುಚ್ಚಿತ್ತು. ಅಕ್ಕ ಮಡಚುವ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಕೈಯಲ್ಲಿ ಟೀ ಲೋಟ. ಲೋಟದಿಂದ ಹಬೆ ಏಳುತ್ತಿತ್ತು.

ಮಾಮನ ಹುಬ್ಬು ಗಂಟಿಕ್ಕಿತು. ಒಲೆ ಇರುವುದು ಒಳಗೆ. ಟೀ ಬಂದದ್ದು ಎಲ್ಲಿಂದ? ಹಳೆಯ ಕಣ್ಣು ತಾನೇ ಕೆಲಸಕ್ಕಿಳಿಯಿತು. ಹಿಂದಿನ ಚಕ್ರದ ಮೇಲೆ ಕೆಸರಿನ ಹೆಜ್ಜೆ. ಪೆಟ್ಟಿಗೆಯ ಅಂಚಿನ ಮೇಲೆ ಇನ್ನೊಂದು. ಅದರ ಮೇಲೆ ಬಟ್ಟೆ ಗೋಡೆಯ ಕಿಟಕಿ, ಹೊರಗಿನ ಹಿಡಿಯಿಂದ ಪೂರ್ತಿ ತೆರೆದ ಜಿಪ್ಪು. ಕಿಟಕಿಯೊಳಗೆ ಒಂದು ಪರದೆ ಹಾರಾಡುತ್ತಿತ್ತು. ಕೆಂಪು ಬಟ್ಟೆ. ಬಣ್ಣ ಸ್ವಲ್ಪ ಮಾಸಿತ್ತು, ಆದರೂ ಅವನಿಗೆ ಗುರುತು ಸಿಕ್ಕಿತು.

"ಅತ್ತಿಗೆ, ಅವಳು ಒಳಗೆ ಹೋಗಿ ಎಷ್ಟು ಹೊತ್ತಾಯ್ತು?"

"ನಾನೇ ನೂಕಿ ಹತ್ತಿಸಿದೆ ಕಣಪ್ಪಾ" ಎಂದರು ಅಕ್ಕ, ಬಾಯಿ ತಪ್ಪಿ. "ಫೋನು ಮಾಡೋದಕ್ಕೆ ಮುಂಚ—" ಎಂದವರು ನಾಲಿಗೆ ಕಚ್ಚಿಕೊಂಡು ಲೋಟಕ್ಕೆ ಬಾಯಿಟ್ಟರು.

ಬೇಕೆಂದೇ ಕರೆಸಿದ್ದಾಳೆ. ನಾಲ್ಕನೆಯದು ಇದೆಯೋ ಇಲ್ಲವೋ ನೋಡಲು. ಇಡೀ ಬಿಸಿಲಿನಲ್ಲಿ, ಈ ವಯಸ್ಸಿನಲ್ಲಿ ತನ್ನನ್ನು ಸ್ಕೂಟರಿನ ಮೇಲೆ ಓಡಿಸಿದ್ದಾಳೆ. ಮಾಮನ ಕಿವಿ ಬಿಸಿಯಾಯಿತು. ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಹೆಂಡತಿ ನಿಂತಿದ್ದಳು. ನಗುತ್ತಿರಲಿಲ್ಲ. ಅವಳಿಗೆ ಭಯವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಕೀ ತಂದಿರುತ್ತಾನೋ ಏನೋ ಎನ್ನುವ ಭಯ.

"ಜೇಬು ತೋರಿಸಿ."

ಅವನು ಜೇಬುಗಳನ್ನು ಹೊರಗೆಳೆದು ತೋರಿಸಿದ. ಕರವಸ್ತ್ರ, ಎರಡು ತಂತಿ, ಕನ್ನಡಕದ ಡಬ್ಬಿ. ಅವಳು ಡಬ್ಬಿ ತೆರೆದು ಮಖಮಲ್ಲಿನ ಅಡಿಯಲ್ಲಿ ಬೆರಳಾಡಿಸಿದಳು. ಕನ್ನಡಕ ಬಿಟ್ಟು ಏನೂ ಇರಲಿಲ್ಲ. ತಂತಿಗಳನ್ನು ನೋಡಿದಳು.

"ಇದರಲ್ಲಿ ಕೆದಕೋಕೆ ಬಂದ್ರಾ? ಕೀ ಕೊರ್ಕೊಂಡು ಬರಬಹುದಿತ್ತಲ್ಲ. ನಿಮಗೆ ಹಲ್ಲು ನೆನಪಿರುತ್ತೆ."

"ನೆನಪಿತ್ತು. ಕೊರೀಲಿಲ್ಲ."

ಅವಳು ಡಬ್ಬಿಯನ್ನು ಮುಚ್ಚಿ ಅವನ ಕೈಗೆ ಕೊಟ್ಟಳು. ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಒಂದು ಹಗ್ಗದಿಂದ ಹೊರಕ್ಕೆ ಕಟ್ಟಿ ಒಳಗೆ ಹೋದಳು. ಒಳಗೆ ಒಲೆಯ ಮೇಲೆ ಏನೋ ಕುದಿಯುವ ಸದ್ದು.

"ಹೋಗಪ್ಪಾ, ಬಾಗಿಲು ತೆಗೆದೇ ಇದೆಯಲ್ಲ" ಎಂದರು ಅಕ್ಕ.

ಮಾಮ ಮೊದಲ ಗಿಡ್ಡ ಮೆಟ್ಟಿಲ ಮೇಲೆ ಕಾಲಿಟ್ಟು ಅಲ್ಲೇ ನಿಂತ. ಅಂಗಳದ ಗೂಡುಗಳಲ್ಲಿ ಹುಳುಕು ಹುಡುಕಲು ಎಷ್ಟೋ ಹಲಗೆಗಳನ್ನು ಬಡಿದಿದ್ದ ಬೆರಳಿನ ಗೆಣ್ಣನ್ನು ಮಡಚಿ, ತೆರೆದ ಬಾಗಿಲಿನ ಚೌಕಟ್ಟನ್ನು ಮೆಲ್ಲಗೆ ತಟ್ಟಿದ. ಒಳಗೆ ಸೌಟಿನ ಸದ್ದು ನಿಂತಿತು. ಅವನ ಕೈ ಜೇಬಿಗೆ ಹೋಗಲಿಲ್ಲ. ಕಾದು, ಇನ್ನೊಮ್ಮೆ ತಟ್ಟಿದ.

"ಯಾರು?" ಎಂದಳು ಅವಳು. ಧ್ವನಿ ಒಡೆದಿತ್ತು.

"ನಾನು ಕಣೇ. ಒಳಗೆ ಬರಬಹುದಾ?"

ಕೆಂಪು ಪರದೆ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಹಾರಾಡಿತು.

"ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ" ಎಂದಳು. "ಈಗಷ್ಟೇ ಗುಡಿಸಿದ್ದೀನಿ."